ಮರಕುಂಬಿ: ಕಟಿಂಗ್ ಅಂಗಡಿಯಿಂದ ಕೋರ್ಟಿನ ಕಟಕಟೆಯವರೆಗೆ

2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಒಂದೇ ಪ್ರಕರಣದಲ್ಲಿ 101 ಜನರಿಗೆ ಶಿಕ್ಷೆ ಪ್ರಕಟಿಸಿತು. 98 ಜನರಿಗೆ ಜೀವಾವಧಿ, ಉಳಿದ ಮೂವರಿಗೆ ಐದು ವರ್ಷ ಜೈಲು. ತೀರ್ಪು ಕೊಟ್ಟವರು ನ್ಯಾಯಾಧೀಶ ಸಿ. ಚಂದ್ರಶೇಖರ್. ಊರು ಗಂಗಾವತಿ ತಾಲ್ಲೂಕಿನ ಮರಕುಂಬಿ. ಘಟನೆ ನಡೆದದ್ದು 2014ರ ಆಗಸ್ಟ್ 28ರಂದು, ಅಂದರೆ ಹತ್ತು ವರ್ಷ ಎರಡು ತಿಂಗಳ ಹಿಂದೆ. ದಲಿತರ ಮೇಲಿನ ದೌರ್ಜನ್ಯಕ್ಕೆ ಇಷ್ಟು ಜನರಿಗೆ ಒಟ್ಟಿಗೆ ಜೀವಾವಧಿ ಆದದ್ದನ್ನು ನಾನಂತೂ ಅದಕ್ಕೂ ಮುಂಚೆ ಕೇಳಿರಲಿಲ್ಲ.

ಮರುದಿನ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಎಲ್ಲಿ ನೋಡಿದರೂ ಒಂದೇ ಮಾತು: ‘ಸಿನಿಮಾ ಟಿಕೆಟ್ ಗಲಾಟೆಗೆ ಜೀವಾವಧಿ’. ನನ್ನ ತಕರಾರು ಇರುವುದು ಆ ಮಾತಿನ ಮೇಲೆ. ಟಿಕೆಟ್ಟಿನ ಗಲಾಟೆ ನಡೆದದ್ದು ನಿಜ. ಆದರೆ ಟಿಕೆಟ್ಟಿಗಾಗಿ ಯಾವ ಊರೂ ಒಂದು ಕೇರಿಗೆ ಬೆಂಕಿ ಹಚ್ಚುವುದಿಲ್ಲ. ಬೆಂಕಿ ಬೀಳುವಷ್ಟು ಒಣಗಿದ್ದು ಏನು, ಎಷ್ಟು ದಿನದಿಂದ ಒಣಗುತ್ತಿತ್ತು ಅನ್ನುವುದನ್ನು ಬಿಟ್ಟರೆ ಈ ಪ್ರಕರಣ ಅರ್ಥವೇ ಆಗುವುದಿಲ್ಲ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮರಕುಂಬಿಯ ಕೆಲವು ಸವರ್ಣೀಯ ಯುವಕರು ಸಿನಿಮಾ ನೋಡಲು ಗಂಗಾವತಿಗೆ ಹೋಗಿದ್ದರು. ಚಿತ್ರಮಂದಿರದಲ್ಲಿ ಟಿಕೆಟ್ ವಿಚಾರಕ್ಕೆ ಜಗಳವಾಯಿತು, ಏಟು ಬಿದ್ದವು. ‘ಹೊಡೆದವರು ನಮ್ಮೂರ ದಲಿತ ಹುಡುಗರೇ’ ಅನ್ನುವ ಸುದ್ದಿ ಅವರ ಜೊತೆಗೇ ಊರು ಸೇರಿತು. ಆಮೇಲೆ ಗುಂಪು ಕೂಡಿತು, ಮಾದಿಗರ ಕೇರಿಗೆ ನುಗ್ಗಿತು. ಕೈಗೆ ಸಿಕ್ಕವರನ್ನು ಗಂಡಸು, ಹೆಂಗಸು ಎನ್ನದೆ ಹೊಡೆದರು. ಗುಡಿಸಲುಗಳಿಗೆ ಬೆಂಕಿ ಇಟ್ಟರು. ಪೊಲೀಸರ ಆರೋಪಪಟ್ಟಿಯಲ್ಲಿ 117 ಹೆಸರುಗಳಿದ್ದವು. ತಿಂಗಳುಗಟ್ಟಲೆ ಊರಲ್ಲಿ ಪೊಲೀಸ್ ಕಾವಲಿತ್ತು. ಗಂಗಾವತಿಯಲ್ಲಿ, ಕೊಪ್ಪಳದಲ್ಲಿ ದಲಿತ ಸಂಘಟನೆಗಳು ಬೀದಿಗಿಳಿದವು.

ಇಷ್ಟು ಎಲ್ಲ ವರದಿಗಳಲ್ಲೂ ಇದೆ. ಆದರೆ ಅದೇ ವರದಿಗಳ ಕೊನೆಯ ಪ್ಯಾರಾದಲ್ಲಿ ಇನ್ನೊಂದು ಸಾಲು ಇರುತ್ತಿತ್ತು: ಊರಿನ ಕಟಿಂಗ್ ಅಂಗಡಿಯಲ್ಲಿ ದಲಿತರಿಗೆ ಕ್ಷೌರ ಮಾಡುತ್ತಿರಲಿಲ್ಲ, ಹೋಟೆಲಿನೊಳಗೆ ಬಿಡುತ್ತಿರಲಿಲ್ಲ, ಇದನ್ನು ಕೇರಿಯ ಯುವಕರು ಪ್ರಶ್ನಿಸಿದ್ದರು. ಮೊದಲ ಪ್ಯಾರಾ ಆಗಬೇಕಿದ್ದ ಸಾಲು ಅದು.

ಕಟಿಂಗ್ ಅಂಗಡಿ ಅಂದರೆ ಏನು ಅನ್ನುವುದು ಆ ಕುರ್ಚಿಯಲ್ಲಿ ಕೂತು ಬೆಳೆದವರಿಗೆ ಗೊತ್ತಾಗುವುದಿಲ್ಲ. ನಾನೂ ಕೂತು ಬೆಳೆದವನೇ. ನಮ್ಮೂರೂ ಇದೇ ಸೀಮೆಯದು. ನನಗೆ ಏಳೋ ಎಂಟೋ ವರ್ಷ. ಜೂನ್ ತಿಂಗಳು, ಸಾಲಿ ಸುರುವಾಗುವ ಹೊತ್ತು. ಹಡಪದ ಕಾಕಾ ಅಗಸಿ ಹತ್ತಿರದ ತನ್ನ ಅಂಗಡಿಯಲ್ಲಿ ಕುರ್ಚಿಯ ಮೇಲೆ ಅಡ್ಡ ಹಲಗೆ ಇಟ್ಟು ನನ್ನನ್ನು ಕೂಡಿಸಿದ್ದ. ಅಜ್ಜ ಪಕ್ಕದ ಬೆಂಚಿನ ಮೇಲೆ ಎಲಡಿಕಿ ಹಾಕಿಕೊಂಡು ಕೂತಿದ್ದ. ಕೇರಿಯ ಒಬ್ಬ ಮನುಷ್ಯ ನನ್ನ ಓರಿಗೆಯ ಮಗನ ಕೈ ಹಿಡಿದುಕೊಂಡು ಬಂದು, ಅಂಗಡಿಯಿಂದ ನಾಲ್ಕು ಹೆಜ್ಜೆ ಆಚೆ ನಿಂತ.

‘ಅಣ್ಣಾ, ಹುಡುಗನ್ನ ಸಾಲಿಗೆ ಹಾಕಬೇಕು. ಒಂದೀಟು ಕೂದಲಾ ತಗದು ಕೊಡ್ತೀಯೇನು?’

ಕಾಕಾನ ಕತ್ತರಿ ನನ್ನ ಕಿವಿಯ ಹತ್ತಿರ ನಿಂತಿತು. ಅವನು ಆ ಮನುಷ್ಯನ ಕಡೆ ನೋಡಲಿಲ್ಲ, ಅಜ್ಜನ ಮುಖ ನೋಡಿದ. ಅಜ್ಜ ಏನೂ ಅನ್ನಲಿಲ್ಲ. ಬೇಡ ಅನ್ನಲಿಲ್ಲ, ಮಾಡು ಅನ್ನಲೂ ಇಲ್ಲ. ಎದ್ದು ಹೋಗಿ ಎಲೆ ಉಗುಳಿ ಬಂದು ಮತ್ತೆ ಕೂತ. ಕಾಕಾನಿಗೆ ಅಷ್ಟೇ ಸಾಕಾಯಿತು.

‘ಪ್ಯಾಟ್ಯಾಗ ಮಾಡಿಸ್ಕೊಂಡು ಬಾರಪಾ.’

ಆ ಮನುಷ್ಯ ‘ಆತ್ರೀ ಧಣಿ’ ಅಂತ ಅಜ್ಜನಿಗೆ ಕೈ ಮುಗಿದು ಹೋದ. ಇಲ್ಲ ಅಂದವನು ಕಾಕಾ, ಆದರೆ ಉತ್ತರ ಹೋದದ್ದು ಅಜ್ಜನಿಗೆ. ಆಗ ಅದು ನನಗೆ ವಿಚಿತ್ರ ಅನ್ನಿಸಲಿಲ್ಲ. ಸಾಲಿ ಸುರುವಾದ ದಿನ ಆ ಹುಡುಗ ಬಂದಾಗ ಅವನ ತಲೆ ಮೆಟ್ಟಿಲು ಮೆಟ್ಟಿಲಾಗಿತ್ತು. ಅರಿವೆ ಕತ್ತರಿಸುವ ಕತ್ತರಿಯಿಂದ ಅವರವ್ವ ಮನೆಯಲ್ಲೇ ಕತ್ತರಿಸಿದ್ದಳು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಪೇಟೆಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುವುದಕ್ಕೆ ಏನು ಬೀಳುತ್ತದೆ ಅನ್ನುವುದನ್ನು ದೊಡ್ಡವನಾದ ಮೇಲೆ ಲೆಕ್ಕ ಹಾಕಿದೆ. ಅಪ್ಪ-ಮಗ ಇಬ್ಬರ ಬಸ್ ಚಾರ್ಜು ಹೋಗುತ್ತಾ ಬರುತ್ತಾ, ಕಟಿಂಗಿನ ದುಡ್ಡು, ಮೇಲೆ ಆ ದಿನದ ಕೂಲಿ ಖೋತಾ. ಊರಲ್ಲಿ ನಮಗೆ ಅರ್ಧ ಗಂಟೆಯ ಕೆಲಸ, ಅವರಿಗೆ ಒಂದು ದಿನದ ದುಡಿಮೆ. ಆದ್ದರಿಂದಲೇ ಕೇರಿಯವರು ಸಂತೆ ದಿನ ನೋಡಿಕೊಂಡು ಕಟಿಂಗಿಗೆ ಹೋಗುತ್ತಿದ್ದರು. ಮನೆಯಲ್ಲಿ ಮದುವೆ ಇರಲಿ, ಸಾವಿರಲಿ, ಸಂತೆ ಬರುವ ತನಕ ಕಾಯಬೇಕು.

ಕ್ಷೌರಿಕ ಯಾಕೆ ಒಲ್ಲೆ ಅನ್ನುತ್ತಾನೆ? ಅವನೇ ಕೆಟ್ಟವನು ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಹಳೆಯ ಆಯದ ಪದ್ಧತಿಯಲ್ಲಿ ಅವನಿಗೆ ರೊಕ್ಕ ಸಿಗುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಹೊಲದವರು ಇಷ್ಟು ಅಂತ ಜೋಳ ಅಳೆದು ಹಾಕುತ್ತಿದ್ದರು. ಹೊಲ ಇದ್ದವರ ಕೈಯಲ್ಲಿ ಅವನ ವರ್ಷದ ಅನ್ನ. ಇವತ್ತು ಆಯ ಹೋಗಿ ರೊಕ್ಕ ಬಂದಿದೆ, ಕುರ್ಚಿ, ಕನ್ನಡಿ ಬಂದಿವೆ. ಆದರೆ ಅಂಗಡಿಯ ಮಳಿಗೆ ಹೆಚ್ಚಿನ ಊರುಗಳಲ್ಲಿ ದೊಡ್ಡವರದ್ದೇ, ಗಿರಾಕಿಯೂ ಅವರೇ. ಕ್ಷೌರಿಕ ಹೌದು ಅಂದರೆ ಏನಾಗುತ್ತದೆ ಅನ್ನುವುದಕ್ಕೆ ನಂಜನಗೂಡು ತಾಲ್ಲೂಕಿನ ಹಲ್ಲರೆ ಸಾಕ್ಷಿ. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಅಲ್ಲಿನ ಕ್ಷೌರಿಕರೊಬ್ಬರಿಗೆ ಊರ ಮುಖಂಡರು 50,000 ರೂಪಾಯಿ ದಂಡ ಹಾಕಿ ಬಹಿಷ್ಕಾರ ಹೇಳಿದ ಸುದ್ದಿ 2020ರ ನವೆಂಬರಿನಲ್ಲಿ ರಾಜ್ಯದ ಎಲ್ಲ ಪತ್ರಿಕೆಗಳಲ್ಲಿ ಬಂತು. ಕತ್ತರಿ ಅವನ ಕೈಯಲ್ಲಿರುತ್ತದೆ, ಆದರೆ ಅದು ಯಾರ ತಲೆಯ ಮೇಲೆ ಓಡಬೇಕು ಅನ್ನುವುದನ್ನು ಬೆಂಚಿನ ಮೇಲೆ ಕೂತವರು ತೀರ್ಮಾನಿಸುತ್ತಾರೆ. ಅಜ್ಜನ ಆ ಮೌನ ನನಗೆ ತಿಳಿದದ್ದು ಹಲ್ಲರೆಯ ಸುದ್ದಿ ಓದಿದ ದಿನ.

ಈಗ ಗಂಗಾವತಿಯ ಚಿತ್ರಮಂದಿರಕ್ಕೆ ಬನ್ನಿ. ಗಂಗಾವತಿ ಭತ್ತದ ಪೇಟೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಬೆಳೆದ ಊರು, ಸುತ್ತ ರೈಸ್ ಮಿಲ್ಲುಗಳು. ಸುತ್ತಲ ಹಳ್ಳಿಯ ಹುಡುಗರೆಲ್ಲ ಕೆಲಸಕ್ಕೆ, ಕಾಲೇಜಿಗೆ, ಸಿನಿಮಾಕ್ಕೆ ಬರುವುದು ಅಲ್ಲಿಗೇ. ಅಲ್ಲಿ ಟಿಕೆಟ್ ಕೌಂಟರಿನ ಕಿಂಡಿಯೊಳಗೆ ಕೈ ಹಾಕಿದರೆ ಒಳಗಿನವನಿಗೆ ಕಾಣುವುದು ನೋಟು ಮಾತ್ರ. ಬಾಲ್ಕನಿ ಟಿಕೆಟ್ ತಗೊಂಡವನು ಬಾಲ್ಕನಿಯಲ್ಲೇ ಕೂರುತ್ತಾನೆ. ಸಲೂನಿನಲ್ಲಿ ಸರದಿ ಬಂದವನು ಕುರ್ಚಿ ಏರುತ್ತಾನೆ. ಕೇರಿಯ ಹುಡುಗ ಬೆಳಿಗ್ಗೆ ಪೇಟೆಯ ಹೋಟೆಲಿನಲ್ಲಿ ಎಲ್ಲರ ನಡುವೆ ಕೂತು ಒಗ್ಗರಣಿ, ಮಿರ್ಚಿ ತಿಂದು ಗಾಜಿನ ಲೋಟದಲ್ಲಿ ಚಾ ಕುಡಿಯುತ್ತಾನೆ. ಮಧ್ಯಾಹ್ನ ಬಸ್ಸಿಳಿದು ತನ್ನೂರಿಗೆ ಕಾಲಿಟ್ಟರೆ ಅದೇ ಚಾ ಅವನಿಗೆ ಹೊರಗೆ. ಪೇಟೆಯಲ್ಲಿ ಎದುರಿಗೆ ಸಿಕ್ಕಾಗ ಅವನು ದಾರಿ ಬಿಡದಿದ್ದರೆ ಊರಿನವನಿಗೆ ಅದು ಬರೀ ತಳ್ಳಾಟ ಅಲ್ಲ. ‘ಊರಾಗ ಹಿಂಗ ಮಾಡ್ತಿದ್ದನಾ?’ ಅನ್ನುವ ಪ್ರಶ್ನೆ ಏಳುತ್ತದೆ. ಅದಕ್ಕೇ ಲೆಕ್ಕ ಚುಕ್ತಾ ಆಗುವುದು ಪೇಟೆಯಲ್ಲಿ ಅಲ್ಲ, ಊರಲ್ಲಿ. ಜಗಳವಾದ ಚಿತ್ರಮಂದಿರದಲ್ಲಿ ಬೆಂಕಿ ಬೀಳಲಿಲ್ಲ. ಆ ಜಗಳವನ್ನು ಕಣ್ಣಲ್ಲೂ ಕಾಣದ ಹೆಂಗಸರು, ಮುದುಕರು ಇದ್ದ ಕೇರಿಯಲ್ಲಿ ಬಿತ್ತು. ಹೊಡೆದ ಹುಡುಗ ಯಾರು ಅಂತ ಹುಡುಕುವುದಷ್ಟೇ ಗುಂಪಿನ ಉದ್ದೇಶವಾಗಿದ್ದರೆ ಗುಡಿಸಲಿನ ಸೂರು ಏನು ತಪ್ಪು ಮಾಡಿತ್ತು?

ಕಾನೂನಿನ ಕಡೆ ನೋಡಿದರೆ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದರ ಬೆನ್ನಿಗೆ 1955ರಲ್ಲಿ ಬಂದ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಕರೆಯುವ ಕಾನೂನಿನ ಪ್ರಕಾರ ಅಂಗಡಿಗೆ, ಹೋಟೆಲಿಗೆ ಬಿಡದಿರುವುದು, ಸಾರ್ವಜನಿಕರಿಗೆ ಇಟ್ಟ ಪಾತ್ರೆ ಮುಟ್ಟಗೊಡದಿರುವುದು, ಸೇವೆ ಕೊಡದಿರುವುದು ಎಲ್ಲವೂ ಅಪರಾಧ. ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ಇನ್ನು 1989ರ ದೌರ್ಜನ್ಯ ತಡೆ ಕಾಯ್ದೆ. ಪರಿಶಿಷ್ಟರು ವಾಸಿಸುವ ಮನೆಯನ್ನು ನಾಶ ಮಾಡಲು ಬೆಂಕಿ ಹಚ್ಚಿದರೆ ಅದರ 3ನೇ ಕಲಮಿನಲ್ಲಿ ಜೀವಾವಧಿ, ಅದಕ್ಕಿಂತ ಕಡಿಮೆ ಇಲ್ಲ. ಅಂದರೆ 2014ರಲ್ಲಿ ಮರಕುಂಬಿಯ ಕಟಿಂಗ್ ಅಂಗಡಿಯ ಮೇಲೆ ಯಾರಾದರೂ ದೂರು ಕೊಟ್ಟಿದ್ದರೆ, ಆ ದೂರನ್ನು ಪೊಲೀಸರು ಬರೆದುಕೊಂಡಿದ್ದರೆ, ಅದು ಸಾಬೀತಾಗಿದ್ದರೆ, ತಿಂಗಳುಗಳ ಶಿಕ್ಷೆ. ಆ ಅಂಗಡಿಯಿಂದ ಹೊರಟ ಸಿಟ್ಟು ಬೆಂಕಿಯಾದ ಮೇಲೆ ಜೀವಾವಧಿ. ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿಯಾಗಿ ಸಾಮಾಜಿಕ ಬಹಿಷ್ಕಾರ, ಅಂಗಡಿ, ಸಾರ್ವಜನಿಕ ಸ್ಥಳಗಳಿಗೆ ಬಿಡದಿರುವುದು ಆರು ತಿಂಗಳಿಂದ ಐದು ವರ್ಷದ ಅಪರಾಧವಾದದ್ದು 2016ರ ಜನವರಿಯಲ್ಲಿ. ಮರಕುಂಬಿಯ ಬೆಂಕಿ ಆರಿ ಆಗಲೇ ಒಂದೂವರೆ ವರ್ಷವಾಗಿತ್ತು.

ಕೋರ್ಟಿನ ಹತ್ತು ವರ್ಷ ಹೇಗಿದ್ದವು ಅನ್ನುವುದಕ್ಕೆ ಸಂಖ್ಯೆಯೇ ಸಾಕು. 117 ಆರೋಪಿಗಳಲ್ಲಿ ತೀರ್ಪಿನ ದಿನಕ್ಕೆ ಉಳಿದವರು 101. ವಿಚಾರಣೆ ನಡೆಯುತ್ತಿರುವಾಗಲೇ ಹಲವರು ತೀರಿಕೊಂಡಿದ್ದರು. ಕೇರಿಯ ಕಡೆಯ ನಷ್ಟ ಬೇರೆ ತೆರನಾದದ್ದು. ಪ್ರಕರಣದ ಮುಖ್ಯ ಸಾಕ್ಷಿಯೊಬ್ಬರ ಶವ ಕೊಪ್ಪಳದ ರೈಲು ನಿಲ್ದಾಣದ ಹತ್ತಿರ ಸಿಕ್ಕಿತು. ಅದು ಕೊಲೆ ಎಂದು ಹೋರಾಟಗಾರರು ಮರಕುಂಬಿಯಿಂದ ಬೆಂಗಳೂರಿಗೆ ನಡೆದರು. ಅಷ್ಟಾದ ಮೇಲೂ ಉಳಿದವರು ಬಂದು ಸಾಕ್ಷಿ ಹೇಳಿದರು.

ಇದು ಸಣ್ಣ ಮಾತಲ್ಲ. ಹಳ್ಳಿಯಲ್ಲಿ ಸಾಕ್ಷಿ ಹೇಳುವುದು ಅಂದರೆ ಯಾರ ಹೊಲದಲ್ಲಿ ಕಳೆ ತೆಗೆಯಬೇಕೋ, ಯಾರ ಕಿರಾಣಿ ಅಂಗಡಿಯಲ್ಲಿ ಉದ್ರಿ ಹೇಳಬೇಕೋ ಅವರ ಹೆಸರನ್ನೇ ಕೋರ್ಟಿನಲ್ಲಿ ಹೇಳುವುದು. ರಾತ್ರಿ ಹೊತ್ತು ರಾಜಿಗೆ ಹಿರಿಯರು ಬರುತ್ತಾರೆ. ‘ಎಷ್ಟು ವರ್ಷ ಕೋರ್ಟು ಅಲೀತೀರಿ, ಊರಾಗ ಬಾಳೇವು ಮಾಡೂದು ಬ್ಯಾಡೇನು?’ ಅಂತ ತಣ್ಣಗೆ ಕೇಳುತ್ತಾರೆ. ಅದು ಬೆದರಿಕೆ ಅಂತ ಕೇಳಿದವನಿಗೆ ಗೊತ್ತಾಗುತ್ತದೆ, ಬರೆದುಕೊಂಡರೆ ಮಾತ್ರ ಬುದ್ಧಿಮಾತಿನ ಹಾಗೆ ಕಾಣುತ್ತದೆ. ಈ ಮಾತಿಗೆ ಸೋತ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಎಷ್ಟೋ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಹೈಕೋರ್ಟ್ ಆ ಖುಲಾಸೆಯನ್ನು ಎತ್ತಿ ಹಿಡಿದದ್ದು 2014ರಲ್ಲಿ. ಮರಕುಂಬಿಯ ಗುಡಿಸಲು ಸುಟ್ಟ ವರ್ಷವೇ ಕಂಬಾಲಪಲ್ಲಿಯ ಏಳು ಸಾವಿಗೆ ಯಾರೂ ಹೊಣೆಯಲ್ಲ ಎಂದಾಯಿತು. ಆ ಸುದ್ದಿ ಕಿವಿಗೆ ಬಿದ್ದ ಮೇಲೂ ಹತ್ತು ವರ್ಷ ತಮ್ಮ ಮಾತಿಗೆ ನಿಂತ ಮರಕುಂಬಿಯ ಕೇರಿಯವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಐದು ವರ್ಷದ ಶಿಕ್ಷೆಯಾದ ಮೂವರ ವಿಷಯವನ್ನು ಯಾರೂ ಹೆಚ್ಚು ಮಾತಾಡಲಿಲ್ಲ. ಅವರೂ ಪರಿಶಿಷ್ಟ ಸಮುದಾಯಕ್ಕೆ ಸೇರಿದವರೇ. ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟರಲ್ಲದವರಿಗೆ ಮಾತ್ರ ಅನ್ವಯಿಸುವುದರಿಂದ ಅವರಿಗೆ ಬೇರೆ ಕಲಮುಗಳಲ್ಲಿ ಶಿಕ್ಷೆಯಾಯಿತು. ಜಾತಿಯ ಏಣಿಯಲ್ಲಿ ಒಂದೇ ಒಂದು ಮೆಟ್ಟಿಲು ಮೇಲಿದ್ದರೂ ಸಾಕು, ಗುಂಪು ಕೂಡಿದಾಗ ಮನುಷ್ಯ ಮೇಲಿನವರ ಜೊತೆಗೇ ನಿಲ್ಲುತ್ತಾನೆ. ಕ್ಷೌರಿಕನ ಕಥೆಯೂ ಇದೇ. ಮೇಲಿನವರ ಮನೆಯಲ್ಲಿ ಅವನಿಗೂ ಪಡಸಾಲೆಯ ತನಕ ಮಾತ್ರ ಪ್ರವೇಶ. ಆದರೂ ಕೇರಿಯವನ ತಲೆ ಮುಟ್ಟಿದರೆ ಆ ಪಡಸಾಲೆಯೂ ತಪ್ಪುತ್ತದೆ ಅನ್ನುವ ಭಯ.

ತೀರ್ಪು ಬಂದಾಗ ಕೋರ್ಟಿನ ಆವರಣದಲ್ಲಿ ಶಿಕ್ಷೆಯಾದವರ ಹೆಂಡಿರು, ತಾಯಂದಿರು ಅಳುತ್ತಿದ್ದರು. ಆ ಅಳುವನ್ನು ಹಗುರ ಮಾಡುವುದು ನನಗೆ ಬೇಕಿಲ್ಲ. ಬಡವರ ಮನೆಗಳೇ ಅವೂ, ದುಡಿಯುವ ಕೈ ಹೋದರೆ ಒಲೆ ಹತ್ತುವುದಿಲ್ಲ. ನಮ್ಮ ಬಳಗದಲ್ಲೂ ಸುಮಾರು ಜನ ‘ಒಂದು ಜೀವಾನೂ ಹೋಗಿಲ್ಲ, 98 ಮಂದಿಗೆ ಜೀವಾವಧಿ ಅಂದ್ರ ಹೆಂಗ?’ ಅಂದರು. ಮರಕುಂಬಿಯಲ್ಲಿ ಸಾವಾಗಲಿಲ್ಲ, ಅದು ನಿಜ. ಕಾನೂನುಬಾಹಿರ ಕೂಟ ಸೇರಿದವರೆಲ್ಲ ಆ ಕೂಟದ ಕೃತ್ಯಕ್ಕೆ ಹೊಣೆ ಅನ್ನುವ ನಿಯಮದಲ್ಲಿ ಕಡ್ಡಿ ಗೀರಿದವನಿಗೂ ಹಿಂದೆ ನಿಂತು ಕೂಗಿದವನಿಗೂ ಒಂದೇ ಶಿಕ್ಷೆಯಾಗಿಬಿಡಬಹುದು. ಯಾರ ಪಾತ್ರ ಎಷ್ಟು ಅನ್ನುವುದನ್ನು ಮೇಲಿನ ಕೋರ್ಟು ತೂಗಲಿ, ತೂಗಲೇಬೇಕು. ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಶಿಕ್ಷೆಗೊಳಗಾದ ಬಹುತೇಕರಿಗೆ ಜಾಮೀನು ಕೊಟ್ಟಿತು, ಅವರು ಹೊರಗೆ ಬಂದರು. ಆದರೆ ‘ಅತಿಯಾಯಿತು’ ಅಂದ ಬಳಗದವರನ್ನು ನಾನು ಒಂದು ಮಾತು ಕೇಳಿದೆ: ಕಟಿಂಗ್ ಅಂಗಡಿಯಲ್ಲಿ ಆ ಹುಡುಗರು ‘ಯಾಕೆ’ ಅಂತ ಕೇಳಿದ ದಿನ, ಊರಿನ ಒಬ್ಬ ಹಿರಿಯ ಬೆಂಚಿನಿಂದ ಎದ್ದು ‘ಕೂಡಿಸಪಾ’ ಅಂದಿದ್ದರೆ ಈ 98 ಮನೆಗಳಲ್ಲಿ ಅಳು ಇರುತ್ತಿತ್ತೇ? ಯಾರೂ ಉತ್ತರ ಕೊಡಲಿಲ್ಲ. ನನ್ನ ಅಜ್ಜನೂ ಕೊಟ್ಟಿರಲಿಲ್ಲ.

ಇದು ಮರಕುಂಬಿಯೊಂದರ ಕಥೆ ಅಲ್ಲ ಅನ್ನುವುದಕ್ಕೆ ಜಿಲ್ಲೆ ದಾಟಿ ಹೋಗಬೇಕಿಲ್ಲ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಮಳೆ ಬಂತೆಂದು ದಲಿತರ ಪುಟ್ಟ ಮಗುವೊಂದು ಹನುಮಪ್ಪನ ಗುಡಿಯೊಳಗೆ ಓಡಿದ್ದಕ್ಕೆ, ಶುದ್ಧೀಕರಣಕ್ಕೆಂದು ತಂದೆಯ ಹತ್ತಿರ 25,000 ರೂಪಾಯಿ ಕೇಳಿದರು. ಪೊಲೀಸರು ಐವರನ್ನು ಬಂಧಿಸಿದರು. ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ 2024ರ ಆಗಸ್ಟಿನಲ್ಲಿ, ಕ್ಷೌರ ಮಾಡುವುದಿಲ್ಲ ಎಂಬ ಮಾತಿನಿಂದ ಹುಟ್ಟಿದ ಜಗಳದಲ್ಲಿ ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಸತ್ತ. ಕ್ಷೌರಿಕನ ಬಂಧನವಾಯಿತು. ಮರಕುಂಬಿ ತೀರ್ಪಿಗೆ ಆಗ ಎರಡೇ ತಿಂಗಳು ಬಾಕಿ ಇತ್ತು. ಅದೇ ಜಿಲ್ಲೆ, ಅದೇ ಕುರ್ಚಿ, ಅದೇ ಪ್ರಶ್ನೆ. ಹತ್ತು ವರ್ಷದ ಹಿಂದೆ ಸುಟ್ಟದ್ದು ಗುಡಿಸಲು, ಈ ಸಲ ಹೋದದ್ದು ಜೀವ.

ತೀರ್ಪು ಬಂದ ಕೆಲವು ದಿನಗಳ ಮೇಲೆ ಊರಿಗೆ ಹೋಗಿದ್ದೆ. ಕಟಿಂಗ್ ಅಂಗಡಿಗೆ ಬಾಗಿಲು ಹಾಕಿತ್ತು. ಹಡಪದ ಕಾಕಾನ ಮೊಮ್ಮಗ ಬೆಂಗಳೂರಿನ ಯಾವುದೋ ಸಲೂನಿನಲ್ಲಿ ಕೆಲಸಕ್ಕಿದ್ದಾನಂತೆ. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಕೂತೆ. ಮೊದಲು ಇದೇ ಹೋಟೆಲಿನ ಹೊರಗೆ ಗೋಡೆಯ ಗೂಡಿನಲ್ಲಿ ಕೇರಿಯವರಿಗೆ ಬೇರೆ ಲೋಟ ಇರುತ್ತಿದ್ದವು, ಕುಡಿದು ತಾವೇ ತೊಳೆದಿಡಬೇಕಿತ್ತು. ಈಗ ಗೂಡು ಖಾಲಿ. ಪರವಾಗಿಲ್ಲ, ಅಷ್ಟಾದರೂ ಬದಲಾಗಿದೆ ಅಂದುಕೊಂಡೆ.

ಅಷ್ಟರಲ್ಲಿ ಕೇರಿಯ ಇಬ್ಬರು ಹುಡುಗರು ಬೈಕ್ ನಿಲ್ಲಿಸಿದರು. ಇಳಿಯಲಿಲ್ಲ. ಒಬ್ಬ ಎರಡು ಬೆರಳು ತೋರಿಸಿದ. ಹೋಟೆಲಿನವರು ಎರಡು ಪೇಪರ್ ಕಪ್ಪಿನಲ್ಲಿ ಚಾ ಹಾಕಿ ಕಟ್ಟೆಯ ಅಂಚಿಗೆ ಇಟ್ಟರು. ಹುಡುಗ ಹತ್ತು ರೂಪಾಯಿಯ ಎರಡು ನೋಟು ಕಟ್ಟೆಯ ಮೇಲೆ ಇಟ್ಟು ಕಪ್ಪು ತಗೊಂಡ. ಒಂದು ಮಾತಿಲ್ಲ, ಜಗಳವಿಲ್ಲ. ಕುಡಿದು ಕಪ್ಪನ್ನು ಮುದ್ದೆ ಮಾಡಿ ಚರಂಡಿಗೆ ಎಸೆದು ಹೋದರು. ಒಳಗೆ ಕೂತಿದ್ದ ಆರೇಳು ಜನರ ಕೈಯಲ್ಲೂ ಗಾಜಿನ ಲೋಟ.

ನಾನು ಎದ್ದು ಹೋಗಿ, ‘ನನಗೂ ಪೇಪರ್ ಕಪ್ಪಿನ್ಯಾಗ ಕೊಡ್ರಿ’ ಅಂದೆ.

ಹೋಟೆಲಿನವರು ನಕ್ಕು, ನನ್ನ ಲೋಟವನ್ನು ಬಿಸಿನೀರಿನಲ್ಲಿ ಇನ್ನೊಮ್ಮೆ ಜಾಲಿಸಿದರು.

‘ನಿಮಗ್ಯಾಕ್ರೀ ಧಣಿ ಪೇಪರ್ ಕಪ್ಪು? ನೀವು ಒಳಗ ಕುಂದರ್ರಿ.’